ಮನೆಯ ಹಾಳೆಯ ಮೂರನೇ ಸಾಲು

ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ ಆ ಮನುಷ್ಯನನ್ನು ಎಲ್ಲರೂ ಲ್ಯಾಬ್ ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವರು ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಆದರೆ ಯಾರಾದರೂ ಹೆಸರು ಬರೆಯದ ಶೀಷೆಯಲ್ಲಿ ರಕ್ತ ಕಳಿಸಿದರೆ, ಕಳಿಸಿದವರನ್ನೇ ಕರೆಸಿ, ಎದುರಿಗೆ ನಿಲ್ಲಿಸಿಕೊಂಡು, ಪೆನ್ನು ಕೊಟ್ಟು ಬರೆಸದೆ ಬಿಡುತ್ತಿರಲಿಲ್ಲ. ದೊಡ್ಡ ಡಾಕ್ಟರಾದರೂ ಸರಿ, ನಿನ್ನೆ ಸೇರಿದ ನರ್ಸಾದರೂ ಸರಿ. ಬೈಯುತ್ತಿರಲಿಲ್ಲ, ದನಿ ಏರಿಸುತ್ತಿರಲಿಲ್ಲ. ಸುಮ್ಮನೆ ಪೆನ್ನು ಹಿಡಿದುಕೊಂಡು ಕಾಯುತ್ತಿದ್ದರು. ಬೈಸಿಕೊಳ್ಳುವುದೇ ವಾಸಿ ಎಂದು ಜನ ಅಂದುಕೊಳ್ಳುತ್ತಿದ್ದರು.

ಅದೇ ಆಸ್ಪತ್ರೆಯ ಹಿಂಭಾಗದಲ್ಲಿ, ಔಷಧದ ಉಗ್ರಾಣಕ್ಕೆ ಅಂಟಿಕೊಂಡ ಒಂದು ಕೋಣೆಯಲ್ಲಿ, ತುರ್ತು ವೈದ್ಯಕೀಯ ಸ್ವಯಂಸೇವಕರ ತಂಡದ ಕಚೇರಿ ಇತ್ತು. ಎಲ್ಲಾದರೂ ನೆರೆ ಬಂದರೆ, ಕಟ್ಟಡ ಕುಸಿದರೆ, ಇಪ್ಪತ್ತೆರಡು ಜನ ತಮ್ಮ ತಮ್ಮ ಕೆಲಸಕ್ಕೆ ರಜೆ ಹಾಕಿ ಅಲ್ಲಿಂದ ಹೊರಡುತ್ತಿದ್ದರು. ಮೇಷ್ಟ್ರು ಆ ತಂಡ ಸೇರಿದ ಎರಡನೇ ವರ್ಷವೇ ಒಂದು ಸಂಗತಿ ಗಮನಿಸಿದರು. ಹೋದವರಲ್ಲಿ ಅರ್ಧ ಜನರ ಮೈ ಮಾತ್ರ ಶಿಬಿರದಲ್ಲಿರುತ್ತಿತ್ತು. ಗಾಯಕ್ಕೆ ಪಟ್ಟಿ ಸುತ್ತುತ್ತಿರುವ ನರ್ಸಿನ ಮನಸ್ಸು, ಮಗಳನ್ನು ಶಾಲೆಯಿಂದ ಯಾರು ಕರೆತಂದರೋ ಎಂಬಲ್ಲಿ. ಸೂಜಿ ಹಿಡಿದ ಕಾಂಪೌಂಡರನ ಮನಸ್ಸು, ಅಪ್ಪನ ಸಕ್ಕರೆ ಮಾತ್ರೆ ಮುಗಿದಿರಬಹುದೇ ಎಂಬಲ್ಲಿ. ಹಾಗೆ ಎರಡು ಕಡೆ ಇರುವ ಮನುಷ್ಯನ ಕೈ ತಪ್ಪುತ್ತದೆ ಎಂದು ಮೇಷ್ಟ್ರು ಲೆಕ್ಕ ಹಾಕಿದರು.

ಅದಕ್ಕೇ ಅವರೊಂದು ಹಾಳೆ ತಯಾರಿಸಿದರು. ತಂಡದವರು ಅದಕ್ಕೆ ಮನೆಯ ಹಾಳೆ ಎಂದು ಹೆಸರಿಟ್ಟರು. ಅದರಲ್ಲಿ ನಾಲ್ಕೇ ಸಾಲು. ಮನೆಯಲ್ಲಿ ಯಾರಿದ್ದಾರೆ? ನೀವಿಲ್ಲದಾಗ ಅವರನ್ನು ಯಾರು ನೋಡಿಕೊಳ್ಳುತ್ತಾರೆ? ನಿಮಗೇನಾದರೂ ಆದರೆ ಯಾರಿಗೆ ತಿಳಿಸಬೇಕು? ಅದು ಅವರಿಗೆ ಗೊತ್ತಿದೆಯೇ? ನಾಲ್ಕೂ ತುಂಬಿರಬೇಕು, ಆರು ತಿಂಗಳಿಗೊಮ್ಮೆ ಆ ನಂಬರಿಗೆ ಫೋನ್ ಮಾಡಿದಾಗ ಅತ್ತ ಕಡೆಯವರು ಎತ್ತಬೇಕು. ಇಲ್ಲವಾದರೆ ಅವರು ವ್ಯಾನು ಹತ್ತುವ ಹಾಗಿಲ್ಲ. ಫೋನ್ ಮಾಡುವ ಕೆಲಸ ಟೆಲಿಫೋನ್ ಅಕ್ಕನದು. ಅಕ್ಕ ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಹಾಕಿಕೊಂಡು ಕೂತವರು. ನಿವೃತ್ತಿಯಾದ ಮೇಲೆ ಮಂಡಿ ಕೈಕೊಟ್ಟಿತು, ನಾಲಿಗೆ ಕೈಕೊಡಲಿಲ್ಲ. ತಂಡ ಎಲ್ಲಿಗೇ ಹೋಗಲಿ, ಕಚೇರಿಯಲ್ಲಿ ಕೂತು ಎಲ್ಲರ ಮನೆಗೂ ಸುದ್ದಿ ಮುಟ್ಟಿಸುವವರು ಅವರೇ.

ಹಾಳೆ ನೋಡುವ ದಿನ ಕಚೇರಿಯಲ್ಲಿ ಪರೀಕ್ಷೆಯ ಕಳೆ.

“ಎರಡನೇ ಸಾಲಲ್ಲಿ ದೇವರು ಅಂತ ಬರ್ದಿದೀರಲ್ಲಮ್ಮ,” ಎಂದು ಒಮ್ಮೆ ಮೇಷ್ಟ್ರು ಚಿಕ್ಕ ವಯಸ್ಸಿನ ನರ್ಸೊಬ್ಬಳನ್ನು ಕೇಳಿದರು.

“ಮತ್ತಿನ್ನೇನು ಬರೀಲಿ ಮೇಷ್ಟ್ರೇ? ಅತ್ತೆಗೂ ನನಗೂ ಮಾತಿಲ್ಲ.”

“ಸರಿ, ದೇವರ ನಂಬರ್ ಕೊಡಿ. ನಾಲ್ಕು ಗಂಟೆಗೆ ಸ್ಕೂಲ್ ಗೇಟ್ ಹತ್ರ ಬರ್ತಾರಾ ಅಂತ ಅಕ್ಕ ಕೇಳ್ತಾರೆ.”

“ಎತ್ತಲ್ಲ ಮೇಷ್ಟ್ರೇ,” ಎಂದರು ಅಕ್ಕ, ತಲೆ ಎತ್ತದೆ. “ನಾನೂ ಎಷ್ಟು ವರ್ಷದಿಂದ ಮಾಡ್ತಿದೀನಿ. ಯಾವಾಗ ನೋಡಿದ್ರೂ ಎಂಗೇಜ್.”

ಕೋಣೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನರ್ಸು ಮುಖ ಊದಿಸಿಕೊಂಡು ಹೊರಗೆ ಹೋದಳು. ಅರ್ಧ ಗಂಟೆ ಬಿಟ್ಟು ಬಂದಾಗ ಕಣ್ಣು ಕೆಂಪಾಗಿತ್ತು. ಎಂಟು ತಿಂಗಳ ಮೇಲೆ ಅತ್ತೆಗೆ ಫೋನ್ ಮಾಡಿದ್ದಳಂತೆ. “ಒಪ್ಪಿದ್ರು,” ಎಂದಷ್ಟೇ ಹೇಳಿ ದೇವರನ್ನು ಹೊಡೆದುಹಾಕಿ ಅತ್ತೆಯ ಹೆಸರು ಬರೆದಳು.

ಮೇಷ್ಟ್ರ ಮನೆ ಎರಡನೇ ಮಹಡಿಯಲ್ಲಿ ಎರಡು ಕೋಣೆ. ಬಾಗಿಲ ಹಿಂದೆ ಒಂದು ಪಟ್ಟಿ ಅಂಟಿಸಿದ್ದರು: ಗ್ಯಾಸು ಬಂದ್, ನಲ್ಲಿ ಬಂದ್, ಮೇನ್ ಸ್ವಿಚ್ಚು ಕೆಳಗೆ, ಫ್ರಿಜ್ಜಿನಲ್ಲಿ ಹಾಲು ಉಳಿದಿಲ್ಲ ತಾನೇ, ಕಿಟಕಿಯ ಚಿಲಕ. ಪಟ್ಟಿಯ ಕೆಳಗೆ ಸದಾ ಸಿದ್ಧವಾಗಿದ್ದ ಬೆನ್ನುಚೀಲ. ಅದರಲ್ಲಿ ಏಳು ದಿನದ ರಕ್ತದೊತ್ತಡದ ಮಾತ್ರೆ, ಇನ್ನೊಂದು ಕನ್ನಡಕ, ಟಾರ್ಚು, ಬ್ಯಾಟರಿ, ಸೀಟಿ, ಮೂರು ಲೀಟರ್ ನೀರು, ಪ್ಲಾಸ್ಟಿಕ್ ಚೀಲದಲ್ಲಿ ಗುರುತಿನ ಚೀಟಿಯ ಪ್ರತಿ. ಕರೆ ಬಂದ ಕ್ಷಣದಿಂದ ಬೀಗ ಹಾಕುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅವರು ಗಡಿಯಾರ ಹಿಡಿದು ಅಳೆದಿದ್ದರು. ಹನ್ನೊಂದು ನಿಮಿಷ. ಮಕ್ಕಳಿರುವ ನರ್ಸಿಗೆ ಎರಡು ಗಂಟೆ ಬೇಕು. ಅಪ್ಪನನ್ನು ತಂಗಿಯ ಮನೆಗೆ ಬಿಟ್ಟುಬರಬೇಕಾದ ಕಾಂಪೌಂಡರನಿಗೆ ಅರ್ಧ ದಿನ. ತಂಡದಲ್ಲಿ ತನ್ನಷ್ಟು ಬೇಗ ಹೊರಡುವವರು ಯಾರೂ ಇಲ್ಲವೆಂದು ಮೊದಲು ಅವರಿಗೆ ಹೆಮ್ಮೆ ಇತ್ತು. ಆ ಹೆಮ್ಮೆ ಬಹಳ ಕಾಲ ಉಳಿಯಲಿಲ್ಲ. ಹನ್ನೊಂದು ನಿಮಿಷದಲ್ಲಿ ಬಿಟ್ಟು ಹೊರಡಬಹುದಾದ ಮನೆ ಎಂಥ ಮನೆ ಎಂಬುದು ಒಂದು ಸಂಜೆ ಬೀಗ ತೆಗೆಯುವಾಗ ಹೊಳೆಯಿತು. ಆಮೇಲೆ ಅವರು ಅಳೆಯುವುದನ್ನು ಬಿಟ್ಟರು.

ಅಮ್ಮ ಇರುವ ತನಕ ಹೀಗಿರಲಿಲ್ಲ. ಅಮ್ಮ ಹೋಗಿ ಒಂಬತ್ತು ವರ್ಷವಾಗಿತ್ತು. ತಮ್ಮನೊಬ್ಬ ಇದ್ದ, ದೂರದ ಊರಲ್ಲಿ. ಅಮ್ಮ ಹೋದ ಮೇಲೆ ಹೋಗಿಬರುವ ದಾರಿಯಲ್ಲಿ ಹುಲ್ಲು ಬೆಳೆದುಬಿಟ್ಟಿತ್ತು. ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು.

ಹೀಗಾಗಿ ಮನೆಯ ಹಾಳೆ ಮಾಡಿದವರ ಹಾಳೆಯಲ್ಲೇ ಮೂರನೇ ಸಾಲು ಖಾಲಿ ಇತ್ತು. ಆ ಕಾಲದಲ್ಲಿ ಖಾಲಿ ಬಿಟ್ಟವರು ಇನ್ನೊಬ್ಬರಿದ್ದರು: ವ್ಯಾನಿನ ಡ್ರೈವರ್ ಬ್ರೇಕಣ್ಣ. ಬ್ರೇಕಣ್ಣ ಮೇಷ್ಟ್ರಿಗಿಂತ ನಾಲ್ಕು ವರ್ಷ ದೊಡ್ಡವರು. ಸೈರನ್ ಹಾಕಿಕೊಂಡು ಹೋಗುವಾಗಲೂ ಅವರ ಕಾಲು ಬ್ರೇಕಿನ ಮೇಲೇ ಇರುತ್ತಿತ್ತು. ಅವರ ವ್ಯಾನಿನಲ್ಲಿ ಹೋದ ರೋಗಿ ದಾರಿಯಲ್ಲೇ ವಾಸಿಯಾಗಿ, ಇಳಿದು ನಡೆದುಹೋಗುತ್ತಾನೆ ಎಂದು ತಂಡದವರು ಕಾಲೆಳೆಯುತ್ತಿದ್ದರು. ಆದರೆ ಮೂವತ್ತು ವರ್ಷದಲ್ಲಿ ಗಾಡಿಗೆ ಒಂದು ಗೀರು ಬಿದ್ದಿರಲಿಲ್ಲ. ಹೆಂಡತಿ ಬಿಟ್ಟುಹೋಗಿ ಇಪ್ಪತ್ತು ವರ್ಷ. ಆಕೆ ಎಲ್ಲಿದ್ದಾಳೆಂದು ಕೇಳುವ ಹಕ್ಕು ತನಗಿಲ್ಲವೆಂದು ಅವರೇ ತೀರ್ಮಾನಿಸಿಕೊಂಡಿದ್ದರು. ಟೈರು ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು.

“ಖಾಲಿ ಹಾಳೆ ನಾನು ತಗೊಳ್ಳಲ್ಲ,” ಎಂದು ಅಕ್ಕ ಇಬ್ಬರ ಹಾಳೆಯನ್ನೂ ವಾಪಸು ತಳ್ಳಿದ ದಿನ, ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ಶಿಕ್ಷೆಗೆ ಹೊರಗೆ ನಿಲ್ಲಿಸಿದ ಹುಡುಗರ ಹಾಗೆ. ಸ್ವಲ್ಪ ಹೊತ್ತಿನ ಮೇಲೆ ಬ್ರೇಕಣ್ಣ ಹೇಳಿದರು, “ಮೇಷ್ಟ್ರೇ, ನೀವು ನನ್ನ ಹೆಸರು ಬರ್ಕೊಳ್ಳಿ. ನಾನು ನಿಮ್ಮದು ಬರ್ಕೋತೀನಿ. ಇಬ್ಬರದೂ ತುಂಬ್ತು.”

ಮೇಷ್ಟ್ರು ಯೋಚಿಸಿದರು. ಇಬ್ಬರೂ ಒಂದೇ ವ್ಯಾನಿನಲ್ಲಿ ಹೋಗುವವರು. ಒಬ್ಬರಿಗೇನಾದರೂ ಆದರೆ ಇನ್ನೊಬ್ಬರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಒಳ್ಳೆಯದೇ ಅಲ್ಲವೇ ಎನ್ನಿಸಿತು. ಬರೆದರು.

ಎಂಟು ವರ್ಷ ಹಾಗೇ ನಡೆಯಿತು. ಆರು ತಿಂಗಳಿಗೊಮ್ಮೆ ಅಕ್ಕ ಒಳಗಿನಿಂದ ಫೋನ್ ಮಾಡುವರು, ಹೊರಗಿನ ಬೆಂಚಿನ ಮೇಲೆ ಬ್ರೇಕಣ್ಣನ ಫೋನ್ ಹೊಡೆದುಕೊಳ್ಳುವುದು. “ಹಲೋ, ಲ್ಯಾಬ್ ಮೇಷ್ಟ್ರ ಕಡೆಯವರಾ?” “ಹೌದು ಮೇಡಂ, ಹೇಳಿ.” ಮತ್ತೆ ಮೇಷ್ಟ್ರ ಫೋನ್. “ಬ್ರೇಕಣ್ಣನ ಕಡೆಯವರಾ?” “ಹೌದು.” ಗೋಡೆಯ ಆಚೆಯಿಂದ ಅಕ್ಕನ ಗೊಣಗಾಟ ನೇರವಾಗಿಯೇ ಕೇಳುತ್ತಿತ್ತು: “ಒಂದೇ ಬೆಂಚಿಗೆ ಎರಡು ಕಾಲ್!” ಶೀಷೆಯ ಮೇಲೆ ಹೆಸರಿಲ್ಲದಿದ್ದರೆ ಸಹಿಸದ ಮೇಷ್ಟ್ರು ಪ್ರತಿ ಹಾಳೆಯನ್ನೂ ಸಾಲು ಸಾಲಾಗಿ ನೋಡಿದರು. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಒಂದು ದಿನವೂ ನೋಡಲಿಲ್ಲ.

ಆ ವರ್ಷ ಕರಾವಳಿಯ ಊರುಗಳಿಗೆ ಚಂಡಮಾರುತ ಅಪ್ಪಳಿಸಿತು. ತಂಡ ಹೊರಟಿತು. ಶಿಬಿರ ಹಾಕಿದ್ದು ಒಂದು ಶಾಲೆಯಲ್ಲಿ. ಹೆಂಚು ಅರ್ಧ ಹಾರಿಹೋಗಿತ್ತು, ಗೋಡೆಯ ಮೇಲೆ ಮಗ್ಗಿ ಉಳಿದಿತ್ತು. ಮೂರನೇ ತರಗತಿಯ ಕೋಣೆ ಮೇಷ್ಟ್ರ ಲ್ಯಾಬ್ ಆಯಿತು. ಮಕ್ಕಳ ಗಿಡ್ಡ ಬೆಂಚಿನ ಮೇಲೆ ಸೂಕ್ಷ್ಮದರ್ಶಕ. ಎರಡನೇ ದಿನ ನಾಲ್ಕು ಜನರಿಗೆ ವಾಂತಿ ಭೇದಿ. ಮೂರನೇ ದಿನ ಬೆಳಗ್ಗೆ ಹನ್ನೊಂದು ಜನರಿಗೆ. ಯಾವ ಬಾವಿಯ ನೀರು ಕೆಟ್ಟಿದೆ, ಯಾವ ಟ್ಯಾಂಕಿಗೆ ಎಷ್ಟು ಕ್ಲೋರಿನ್ ಬೇಕು ಎಂದು ಹೇಳಬಲ್ಲವರು ಇಡೀ ಶಿಬಿರದಲ್ಲಿ ಅವರೊಬ್ಬರೇ.

ಅದೇ ಬೆಳಗ್ಗೆ ಬ್ರೇಕಣ್ಣ ವ್ಯಾನಿನಿಂದ ನೀರಿನ ಕ್ಯಾನುಗಳನ್ನು ಇಳಿಸುತ್ತಿದ್ದವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

“ಏನಾಯ್ತಣ್ಣ?” ಎಂದರು ಮೇಷ್ಟ್ರು.

“ಏನಿಲ್ಲ. ಗ್ಯಾಸು.”

ಮೇಷ್ಟ್ರು ಮುಖ ನೋಡಿದರು. ಬೂದಿ ಬಣ್ಣ. ಕುತ್ತಿಗೆಯಲ್ಲಿ ಬೆವರು ಹರಿಯುತ್ತಿತ್ತು. ಅಷ್ಟೊಂದು ಬೆವರುವ ಸೆಖೆ ಆ ದಿನ ಇರಲಿಲ್ಲ. “ಎಲ್ಲಿ ನೋವು?”

“ನೋವಲ್ಲ ಮೇಷ್ಟ್ರೇ. ಯಾರೋ ಎದೆ ಮೇಲೆ ಕೂತ ಹಾಗಿದೆ. ಇಳೀರಿ ಅಂದ್ರೂ ಇಳೀತಿಲ್ಲ.”

ತಂಡದ ಡಾಕ್ಟರಮ್ಮ ಓಡಿಬಂದು ಆಸ್ಪಿರಿನ್ ಅಗಿಯಲು ಕೊಟ್ಟರು. ಇಸಿಜಿ ತೆಗೆದರು. ಅದರಲ್ಲಿ ಖಚಿತವಾಗಿ ಏನೂ ಕಾಣಲಿಲ್ಲ. “ಕಾರ್ಡ್ ಟೆಸ್ಟ್ ಮಾಡಿ ಮೇಷ್ಟ್ರೇ,” ಎಂದರು. ಹೃದಯದ ಸ್ನಾಯು ಸಾಯತೊಡಗಿದರೆ ರಕ್ತದಲ್ಲಿ ಒಂದು ವಸ್ತು ಸೇರುತ್ತದೆ. ಬೆರಳಗಲದ ಕಾರ್ಡಿನ ಮೇಲೆ ಮೂರು ಹನಿ ರಕ್ತ ಹಾಕಿ ಹದಿನೈದು ನಿಮಿಷ ಕಾಯಬೇಕು. ಒಂದು ಗೆರೆ ಮೂಡಿದರೆ ಪಾರು. ಎರಡು ಮೂಡಿದರೆ ಇಲ್ಲ.

ಇಪ್ಪತ್ತಾರು ವರ್ಷದಲ್ಲಿ ಅವರು ಲಕ್ಷ ಸಲವಾದರೂ ರಕ್ತ ತೆಗೆದಿರಬೇಕು. ರಕ್ತ ಯಾರದೆಂದು ಯೋಚಿಸುವ ಅಭ್ಯಾಸವಿರಲಿಲ್ಲ. ಹೆಸರು ಶೀಷೆಯ ಮೇಲಿರುತ್ತಿತ್ತು, ಅಷ್ಟು ಸಾಕಾಗಿತ್ತು. ಆ ದಿನ ಮೂರು ಹನಿ ಹಾಕಿ ಗಡಿಯಾರ ನೋಡಿದರು. ಹತ್ತು ಗಂಟೆ ನಾಲ್ಕು ನಿಮಿಷ. ಕಾರ್ಡಿನ ಮೇಲೆ ಕಣ್ಣು ನೆಟ್ಟು ಕೂತರು. ಒಂದು ಗೆರೆ ಬಂತು. ಒಂಬತ್ತನೇ ನಿಮಿಷದಲ್ಲಿ ಎರಡನೆಯದು, ಪೆನ್ಸಿಲಿನಿಂದ ಮೆಲ್ಲಗೆ ಎಳೆದ ಹಾಗೆ. ಕಣ್ಣಿನ ದೋಷವಿರಬಹುದೆಂದು ಕನ್ನಡಕ ಒರೆಸಿ ನೋಡಿದರು. ದೋಷವಿರಲಿಲ್ಲ.

ಡಾಕ್ಟರಮ್ಮ ಒಂದು ಕ್ಷಣವೂ ತಡಮಾಡಲಿಲ್ಲ. ಜಿಲ್ಲಾ ಆಸ್ಪತ್ರೆ ಮೂರು ಗಂಟೆಯ ದಾರಿ. ವ್ಯಾನು ಓಡಿಸಲು ಕಾಂಪೌಂಡರ್, ಜೊತೆಗೆ ಒಬ್ಬ ನರ್ಸು. ಬ್ರೇಕಣ್ಣನನ್ನು ಅವರದೇ ವ್ಯಾನಿನ ಸ್ಟ್ರೆಚರಿನ ಮೇಲೆ ಮಲಗಿಸಿದರು. ಡಾಕ್ಟರಮ್ಮ ಕಚೇರಿಗೆ ಫೋನ್ ಮಾಡಿ, “ಅಕ್ಕಾ, ಡ್ರೈವರಿಗೆ ಹಾರ್ಟ್ ಅಟ್ಯಾಕು. ಅವರ ಕಡೆಯವರಿಗೆ ತಿಳಿಸಿ, ಜಿಲ್ಲಾ ಆಸ್ಪತ್ರೆಗೆ ಬರೋಕೆ ಹೇಳಿ,” ಎಂದರು.

ಎರಡು ನಿಮಿಷ ಕಳೆದಿರಬಹುದು. ಮೇಷ್ಟ್ರು ಸ್ಟ್ರೆಚರಿನ ಪಕ್ಕದಲ್ಲಿ ನಿಂತು ಸಲೈನಿನ ಬಾಟಲಿ ಎತ್ತಿಹಿಡಿದಿದ್ದರು. ಅವರ ಅಂಗಿಯ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

“ಹಲೋ, ನಾನು ತುರ್ತು ತಂಡದ ಕಚೇರಿಯಿಂದ ಮಾತಾಡ್ತಿರೋದು,” ಎಂದಿತು ಆ ಕಡೆಯ ದನಿ. ಕೆಟ್ಟ ಸುದ್ದಿ ಹೇಳುವಾಗ ಅಕ್ಕನ ದನಿ ಹಾಗೆ ಮೆತ್ತಗಾಗುತ್ತದೆಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ. “ನೀವು ನಮ್ಮ ಡ್ರೈವರ್ ಅವರ ಕಡೆಯವರಲ್ವಾ? ಗಾಬರಿ ಆಗ್ಬೇಡಿ. ಹತ್ತಿರ ಯಾರಾದ್ರೂ ಇದ್ರೆ ಕರ್ಕೊಂಡು, ಸ್ವಲ್ಪ ಕೂತ್ಕೊಳ್ಳಿ...”

“ಅಕ್ಕಾ,” ಎಂದರು ಮೇಷ್ಟ್ರು. “ನಾನು.”

ಆ ಕಡೆ ಕಾಗದ ಸರಿಸುವ ಸದ್ದು.

“ಅಯ್ಯೋ, ನಂಬರ್ ನೋಡ್ದೆ ಒತ್ತಿಬಿಟ್ನಲ್ಲ,” ಎಂದರು ಅಕ್ಕ ತಮ್ಮ ಮಾಮೂಲಿ ದನಿಗೆ ಬಂದು. “ಮೇಷ್ಟ್ರೇ, ಇನ್ಯಾರೂ ಇಲ್ವೇನ್ರೀ ಅವನಿಗೆ? ಇನ್ಯಾರಿಗೆ ಮಾಡ್ಲಿ ಹೇಳಿ.”

ಮೇಷ್ಟ್ರು ಬಗ್ಗಿ ಕೇಳಿದರು. “ಅಣ್ಣಾ, ಯಾರಿಗೆ ತಿಳಿಸ್ಲಿ?”

ಬ್ರೇಕಣ್ಣ ಕಣ್ಣು ತೆರೆದರು. “ನಿಮಗೆ ತಿಳಿಸಾಯ್ತಲ್ಲ,” ಎಂದರು. ತಮಾಷೆಯಾಗಿ ಹೇಳಿರಲಿಲ್ಲ.

ತಿಳಿಸಿ ಆಗಿತ್ತು. ತಿಳಿದವನು ಜೊತೆಗೆ ಹೋಗಬೇಕು, ಮಂಚದ ಪಕ್ಕ ಕೂರಬೇಕು, ಕೇಳಿದಲ್ಲಿ ಸಹಿ ಹಾಕಬೇಕು. ಮೂರನೇ ಸಾಲಿನ ಅರ್ಥವೇ ಅದು. ಡಾಕ್ಟರಮ್ಮ ಮೇಷ್ಟ್ರನ್ನೂ ನೋಡಿದರು, ಅಂಗಳದಲ್ಲಿ ಕೊಡ ಹಿಡಿದು ನಿಂತ ಜನರನ್ನೂ ನೋಡಿದರು. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಹೇಳಿದ್ದರೆ ಸುಲಭವಾಗುತ್ತಿತ್ತು.

“ನೀವು ಇಲ್ಲೇ ಇರಿ ಮೇಷ್ಟ್ರೇ,” ಎಂದರು ಬ್ರೇಕಣ್ಣ. “ಆ ಬಾವಿದು ನೋಡಿ. ಮಕ್ಕಳು ಕುಡೀತಿದಾವೆ.”

“ನಾಳೆ ಬರ್ತೀನಿ.”

“ಬನ್ನಿ. ನಿಧಾನ.”

ವ್ಯಾನು ಹೊರಟಿತು. ಕಾಂಪೌಂಡರ್ ಗೇರು ಬದಲಿಸಿದಾಗ ಗಾಡಿ ಒಮ್ಮೆ ಜಗ್ಗಿತು. ಒಳಗೆ ಮಲಗಿದವರಿಗೆ ಅದು ಎದೆನೋವಿಗಿಂತ ಹೆಚ್ಚು ಚುಚ್ಚಿರಬೇಕು ಎಂದುಕೊಂಡು ಮೇಷ್ಟ್ರು ತರಗತಿಗೆ ಹಿಂತಿರುಗಿದರು. ಆ ದಿನ ಏಳು ಬಾವಿಗಳ ನೀರು ಪರೀಕ್ಷಿಸಿದರು. ಎರಡನ್ನು ಮುಚ್ಚಿಸಿದರು. ಒಂದು ಎಣಿಕೆಯೂ ತಪ್ಪಲಿಲ್ಲ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಅವರು ಮಾತ್ರ ಅಲ್ಲಿರಲಿಲ್ಲ.

ಮರುದಿನ ಹೋಗಲಾಗಲಿಲ್ಲ. ಮಧ್ಯಾಹ್ನ ಮತ್ತೆ ಸುರಿದ ಮಳೆಗೆ ಸೇತುವೆಯ ಒಂದು ಬದಿ ಕೊಚ್ಚಿಹೋಗಿ ದಾರಿ ಮುಚ್ಚಿತು. ಆ ಮಳೆಯಾದ ಮೇಲೆ ಶಾಲೆಯ ನೀರಿನ ಟ್ಯಾಂಕಿನ ಕೆಳಗೆ ನಿಂತರೆ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಅಲ್ಲಿ ನಿಂತು ದಿನಕ್ಕೆರಡು ಸಲ ಅಕ್ಕನಿಗೆ ಫೋನ್ ಮಾಡುತ್ತಿದ್ದರು.

“ಬದುಕಿದಾನೆ,” ಎಂದರು ಅಕ್ಕ ಮೊದಲ ದಿನ. “ಮುಚ್ಚಿದ್ದ ರಕ್ತನಾಳ ತೆರೆದಿದಾರಂತೆ. ಸಹಿ ಅವನೇ ಹಾಕ್ದನಂತೆ, ಕಡೆಯವರು ಯಾರೂ ಇಲ್ಲ ಅಂತ. ವಾರ್ಡಿಗೆ ನಾನು ಮೂರು ಸಲ ಮಾಡಿದೆ. ಯಾರು ನೀವು ಅಂತ ಕೇಳ್ತಾರೆ. ಅವನ ಅಕ್ಕ ಅಂದೆ. ನಾನು ಯಾರಿಗೆ ಅಕ್ಕ ಅಲ್ಲ ಹೇಳಿ?”

“ಏನಾದ್ರೂ ಹೇಳಿದ್ರಾ ಅಣ್ಣ?”

“ವ್ಯಾನು ಯಾರು ಓಡಿಸ್ತಿದಾರೆ ಅಂತ ಕೇಳಿದ.”

ಮೇಷ್ಟ್ರು ಆಸ್ಪತ್ರೆ ತಲುಪಿದ್ದು ನಾಲ್ಕನೇ ದಿನ, ಸರಕು ಸಾಗಿಸುವ ಲಾರಿಯೊಂದರಲ್ಲಿ. ಮಧ್ಯಾಹ್ನ ನಾಲ್ಕರಿಂದ ಆರು ರೋಗಿಗಳನ್ನು ನೋಡುವ ವೇಳೆ. ವಾರ್ಡಿನಲ್ಲಿ ಹದಿನಾಲ್ಕು ಮಂಚ. ಹದಿಮೂರರ ಸುತ್ತ ಜನ. ಹಣ್ಣಿನ ಚೀಲ, ಮಗುವಿನ ಅಳು, ಗುಸುಗುಸು. ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬರು ಗೋಡೆಯ ಕಡೆ ತಿರುಗಿ ಮಲಗಿದ್ದರು.

“ಇವರ ಕಡೆಯವರಾ ನೀವು?” ವಾರ್ಡಿನ ಸಿಸ್ಟರು ಮೇಲಿಂದ ಕೆಳಗೆ ನೋಡಿದಳು. “ಈಗ ಬಂದ್ರಾ? ದಿನಾ ಕೇಳ್ತಿದ್ವಿ. ದಾರೀಲಿದಾರೆ, ದಾರೀಲಿದಾರೆ ಅಂತಿದ್ರು. ಎಂಥಾ ದಾರಿ ಸ್ವಾಮಿ ಅದು?”

ಮೇಷ್ಟ್ರು ತಲೆ ತಗ್ಗಿಸಿ ಕೇಳಿಸಿಕೊಂಡರು. ಸ್ಟೂಲು ಎಳೆದುಕೊಂಡು ಕೂತರು. ಬ್ರೇಕಣ್ಣ ತಿರುಗದೆಯೇ, “ನಿದ್ದೆ ಬಂದಿಲ್ಲ. ನಾಟಕ,” ಎಂದರು.

“ಗೊತ್ತಾಯ್ತು.”

“ನಾಲ್ಕರಿಂದ ಆರು ಹೀಗೇ ಮಲಗ್ತೀನಿ. ಎದ್ದಿದ್ರೆ ಪಕ್ಕದ ಮಂಚದವರ ಹೆಂಡತಿ ಕಿತ್ತಳೆ ಸುಲಿದು ಕೊಡ್ತಾರೆ. ಒಳ್ಳೇ ಹೆಂಗಸು. ಆದ್ರೆ ಕೊಡುವಾಗ ನೋಡ್ತಾರಲ್ಲ ಮೇಷ್ಟ್ರೇ, ಆ ನೋಟ ನುಂಗೋಕಾಗಲ್ಲ.”

ಬಾವಿಯ ವಿಷಯ ಕೇಳಿದರು. ಮೇಷ್ಟ್ರು ಹೇಳಿದರು. ಹೇಳುತ್ತಲೇ, ಚೆನ್ನಾಗಿ ಕೆಲಸ ಮಾಡಿದೆನೆಂಬ ಸಮಾಧಾನ ಈ ಮಂಚದ ಮುಂದೆ ಎಷ್ಟು ಸಣ್ಣದಾಗಿ ಕಾಣುತ್ತದಲ್ಲ ಎನ್ನಿಸಿತು. ಕ್ಷಮೆ ಕೇಳಬೇಕೆಂದಿದ್ದರು. ಬಾಯಿಗೆ ಬಂದದ್ದು, “ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡ್ತಿದಾರಾ?” ಎಂದು.

ತಂಡ ಊರಿಗೆ ಮರಳಿದ ಮೇಲೆ ಮೇಷ್ಟ್ರು ಇಪ್ಪತ್ತೆರಡು ಹಾಳೆಗಳನ್ನೂ ಕಚೇರಿಯ ನೆಲದ ಮೇಲೆ ಹರಡಿದರು. ಅಕ್ಕ ಕುರ್ಚಿಯಲ್ಲಿ ಕೂತು ಮಂಡಿ ಉಜ್ಜಿಕೊಳ್ಳುತ್ತ ನೋಡುತ್ತಿದ್ದರು. ಮೇಷ್ಟ್ರು ಮೂರನೇ ಸಾಲಿನ ಮುಂದೆ ಹೊಸದಾಗಿ ಬರೆದರು: ತಂಡದಲ್ಲಿ ಇಲ್ಲದವರು.

“ಈಗ ನಿಮ್ಮದು ಸರಿಯಾಯ್ತು ನೋಡಿ,” ಎಂದರು ಅಕ್ಕ. “ಅವನು ಇನ್ನು ಗಾಡಿ ಮುಟ್ಟೋ ಹಾಗಿಲ್ಲ ಅಂತ ಡಾಕ್ಟರಮ್ಮ ಹೇಳಾಯ್ತು. ಅಂದ್ರೆ ತಂಡದಲ್ಲಿಲ್ಲ. ಮನೇಲೇ ಇರ್ತಾನೆ. ನಿಮ್ಮ ಮೂರನೇ ಸಾಲು ಎಂಟು ವರ್ಷದ ಮೇಲೆ ಗಟ್ಟಿಯಾಯ್ತು.”

“ಅಣ್ಣನ ಹಾಳೆ?”

“ಅವನಿಗ್ಯಾಕೆ ಹಾಳೆ? ಎಲ್ಲಿಗೂ ಹೋಗಲ್ವಲ್ಲ.”

ಅಕ್ಕ ಹೇಳಿದ್ದು ನಿಯಮದ ಪ್ರಕಾರ ಸರಿ. ನಿಯಮ ಮಾಡಿದವರು ಮೇಷ್ಟ್ರೇ. ಎಲ್ಲಿಗೂ ಹೋಗದ ಮನುಷ್ಯನಿಗೆ ಏನಾದರೂ ಆದರೆ ಯಾರಿಗೆ ತಿಳಿಸಬೇಕೆಂದು ಕೇಳುವ ಹಾಳೆ ಎಲ್ಲಿಯೂ ಇಲ್ಲ. ಆ ರಾತ್ರಿ ಪೂರ್ತಿ ಅವರ ತಲೆಯಲ್ಲಿ ಅದೇ ಕೊರೆಯಿತು. ಬೆಳಗ್ಗೆ ಬಂದು ಹೊರಡುವವರ ಪಟ್ಟಿಯಲ್ಲಿ ತಮ್ಮ ಹೆಸರಿನ ಮೇಲೆ ಅಳತೆಪಟ್ಟಿ ಇಟ್ಟು ನೇರ ಗೆರೆ ಎಳೆದರು.

“ಎಷ್ಟು ದಿನಕ್ಕೆ?” ಎಂದು ಅಕ್ಕ ಹುಬ್ಬೇರಿಸಿದರು.

“ಗೊತ್ತಿಲ್ಲಕ್ಕ.”

“ಅವನಿಗೆ ಹೇಳಿದೀರಾ?”

“ಹೇಳೋದೇನಿದೆ?”

ನಿಮ್ಮಿಬ್ಬರ ಮಧ್ಯೆ ನಾನ್ಯಾಕೆ ಬಾಯಿ ಹಾಕಲಿ ಎಂಬಂತೆ ಅಕ್ಕ ಫೋನಿನ ಕಡೆ ತಿರುಗಿದರು.

ಎರಡು ತಿಂಗಳ ಮೇಲೆ ಒಂದು ಸೋಮವಾರ ಬೆಳಗ್ಗೆ ಕರೆ ಬಂತು. ಗುಡ್ಡಗಾಡಿನಲ್ಲಿ ಭೂಕುಸಿತ. ಮೊದಲ ವ್ಯಾನು ಹತ್ತು ಗಂಟೆಗೆ ಹೊರಟಿತು. ಲ್ಯಾಬಿನ ಕಿಟಕಿಯಿಂದ ಆಸ್ಪತ್ರೆಯ ಗೇಟು ಕಾಣುತ್ತದೆ. ಮೇಷ್ಟ್ರು ಆ ಕಡೆ ನೋಡಲಿಲ್ಲ. ಅರವತ್ತೆರಡು ಶೀಷೆ ಮುಗಿಸಿ, ನಾಲ್ಕೂವರೆಗೆ ಕೈ ತೊಳೆದು, ಟೈರು ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರು. ದಿನವೂ ಹೋಗುತ್ತಿದ್ದರು, ಆದರೆ ಸಂಜೆ ಆರರ ಮೇಲೆ. ಆ ದಿನ ಮನಸ್ಸು ತಡೆಯಲಿಲ್ಲ.

ಬಾಗಿಲು ತೆರೆದಿತ್ತು. ಬ್ರೇಕಣ್ಣ ಮಂಚದ ತುದಿಯಲ್ಲಿ ನೆಟ್ಟಗೆ ಕೂತಿದ್ದರು, ಒಗೆದ ಅಂಗಿ ಹಾಕಿಕೊಂಡು. ಎದುರಿನ ಸ್ಟೂಲಿನ ಮೇಲೆ ಚಾರ್ಜಿಗೆ ಹಾಕಿದ ಫೋನ್. ಪಕ್ಕದಲ್ಲಿ ಒಂದು ನೋಟುಪುಸ್ತಕ, ಪೆನ್ನು. ರೇಡಿಯೋದಲ್ಲಿ ಸುದ್ದಿ. ಮೇಷ್ಟ್ರನ್ನು ನೋಡಿದ್ದೇ ತಡ, ದೆವ್ವ ಕಂಡವರ ಹಾಗೆ ಬಾಯಿ ತೆರೆದರು.

“ನೀವು ಹೋಗಿಲ್ವಾ?”

“ಇಲ್ಲ.”

“ಯಾಕೆ, ಹುಷಾರಿಲ್ವಾ?”

“ಹುಷಾರಾಗಿದೀನಿ. ಪಟ್ಟಿಯಿಂದ ಹೆಸರು ತೆಗೆದೆ. ನಿಮಗೆ ಯಾರಾದ್ರೂ ಬೇಕಲ್ಲ ಅಂತ...”

ಬ್ರೇಕಣ್ಣ ರೇಡಿಯೋ ಆರಿಸಿದರು. ಅವರು ಸಿಟ್ಟಾದದ್ದನ್ನು ಮೇಷ್ಟ್ರು ಅದುವರೆಗೆ ಕಂಡಿರಲಿಲ್ಲ.

“ಬೆಳಗ್ಗೆ ಏಳೂವರೆಯಿಂದ ಹೀಗೆ ಕೂತಿದೀನಿ ಮೇಷ್ಟ್ರೇ! ಸುದ್ದೀಲಿ ಕೇಳಿದ ಕೂಡ್ಲೇ ಫೋನ್ ಚಾರ್ಜಿಗೆ ಹಾಕ್ದೆ. ಸ್ನಾನಕ್ಕೆ ಹೋದಾಗ್ಲೂ ಬಕೆಟ್ ಪಕ್ಕ ಇಟ್ಕೊಂಡಿದ್ದೆ. ಕೆಳಗಿನ ಟೈರ್ ಅಂಗಡಿಯವನಿಗೆ ಹೇಳಿದ್ದೆ, ಇವತ್ತು ಸುತ್ತಿಗೆ ಮೆಲ್ಲಗೆ ಹೊಡಿಯಪ್ಪ, ನಮ್ಮವರೊಬ್ಬರು ಕೆಲಸದ ಮೇಲೆ ಹೋಗಿದಾರೆ, ಫೋನ್ ಬರಬಹುದು ಅಂತ. ನೋಡಿ ಇಲ್ಲಿ!” ನೋಟುಪುಸ್ತಕ ತೆರೆದು ತೋರಿಸಿದರು. ಮೇಷ್ಟ್ರ ರಕ್ತದ ಗುಂಪು, ಮಾತ್ರೆಯ ಹೆಸರು, ತಮ್ಮನ ಊರು, ಗ್ಯಾಸಿನವನ ನಂಬರು. ಅಕ್ಷರ ಸೊಟ್ಟ, ಆದರೆ ಒಂದೂ ಬಿಟ್ಟಿರಲಿಲ್ಲ. “ಗಾಡಿ ಹೋಯ್ತು. ತಂಡ ಹೋಯ್ತು. ಉಳಿದಿದ್ದು ಇದೊಂದು ಕೆಲಸ. ಅದನ್ನೂ ತೆಗೆದುಬಿಟ್ರಾ ನೀವು?”

ಮೇಷ್ಟ್ರು ಆ ಪುಟ ನೋಡುತ್ತ ನಿಂತಲ್ಲೇ ನಿಂತರು. ತ್ಯಾಗ ಮಾಡಿದೆನೆಂದು ಎರಡು ತಿಂಗಳು ಒಳಗೊಳಗೇ ಬೆಚ್ಚಗಿದ್ದರು. ಯಾರಿಗಾಗಿ ಮಾಡಿದರೋ ಅವರನ್ನು ಒಂದು ಮಾತೂ ಕೇಳಿರಲಿಲ್ಲ.

“ನಿಮಗೇನಾದ್ರೂ ಆದ್ರೆ?” ಎಂದರು ಕೊನೆಗೆ.

“ಆದ್ರೆ ಆಗುತ್ತೆ. ಟೈರ್ ಅಂಗಡಿಯವನ ಹತ್ರ ಒಂದು ಬೀಗದ ಕೈ ಇದೆ, ನಿಮ್ಮ ಹಾಳೆಯ ನಾಲ್ಕನೇ ಸಾಲಿನ ಹಾಗೇ ಕೇಳಿ ಒಪ್ಪಿಸಿದೀನಿ. ಅಕ್ಕ ದಿನಾ ಮೂರು ಹೊತ್ತು ಫೋನ್ ಮಾಡಿ ಪ್ರಾಣ ತಿಂತಾರೆ. ಮಾತ್ರೆಗಿಂತ ಅವರದೇ ಜಾಸ್ತಿ. ಎರಡನೇ ವ್ಯಾನ್ ಎಷ್ಟು ಗಂಟೆಗೆ?”

“ನಾಳೆ ಬೆಳಗ್ಗೆ ಆರಕ್ಕೆ.”

“ಹಾಗಿದ್ರೆ ಇಲ್ಲೇನು ಮಾಡ್ತಿದೀರಿ?”

ಮರುದಿನ ಆರು ಗಂಟೆಗೆ ಎರಡನೇ ವ್ಯಾನು ಹೊರಟಾಗ ಮೇಷ್ಟ್ರು ಮುಂದಿನ ಸೀಟಿನಲ್ಲಿದ್ದರು. ಅಕ್ಕ ಪಟ್ಟಿಯಲ್ಲಿ ಗೆರೆ ಎಳೆದ ಹೆಸರಿನ ಪಕ್ಕದಲ್ಲೇ ಅದೇ ಹೆಸರನ್ನು ಮತ್ತೆ ಬರೆದಿದ್ದರು, ಒಂದು ಪ್ರಶ್ನೆಯನ್ನೂ ಕೇಳದೆ. ಹೊಸ ಡ್ರೈವರ್ ಇಪ್ಪತ್ತೆಂಟರ ಯುವಕ. ತಿರುವು ಬಂದರೂ ಬ್ರೇಕ್ ಮುಟ್ಟುತ್ತಿರಲಿಲ್ಲ. ಮೇಷ್ಟ್ರು ಮೇಲಿನ ಹಿಡಿಕೆಯನ್ನು ಭದ್ರವಾಗಿ ಹಿಡಿದುಕೊಂಡರು. ಹೊಲಗಳ ಮೇಲೆ ಇನ್ನೂ ಮಂಜಿತ್ತು. ಹಿಂದೆ ಕೂತವರು ತಮ್ಮ ತಮ್ಮ ಮನೆಗೆ ಫೋನ್ ಮಾಡುತ್ತಿದ್ದರು: ಹಾಲು ಬಂತಾ, ಮಗು ಎದ್ದಿತಾ, ಕೊಡೆ ಅಟ್ಟದ ಮೇಲಿದೆ. ಎಷ್ಟೋ ಪ್ರಯಾಣಗಳಲ್ಲಿ ಆ ಮಾತುಗಳ ಮಧ್ಯೆ ಅವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

ಎಂಟು ಗಂಟೆಗೆ ಅವರ ಫೋನ್ ಹೊಡೆದುಕೊಂಡಿತು.

“ಹಲೋ. ಮನೆಯಿಂದ ಮಾತಾಡ್ತಿರೋದು,” ಎಂದರು ಬ್ರೇಕಣ್ಣ.

“ಏನಾಯ್ತಣ್ಣ? ಎದೆ...”

“ಏನೂ ಆಗಿಲ್ಲ.”

“ಮತ್ತೆ?”

“ಮನೆಯಿಂದ ಫೋನ್ ಬರೋಕೆ ಏನಾದ್ರೂ ಆಗ್ಲೇಬೇಕಾ?”

ಮೇಷ್ಟ್ರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. “ತಿಂಡಿ ತಿಂದ್ರಾ?” ಎಂದರು.

“ತಿಂದೆ. ನೀವು?”

“ದಾರೀಲಿ ನಿಲ್ಲಿಸ್ತಾರಂತೆ.”

“ಹ್ಞಾ.”

ಇಂಥ ಫೋನನ್ನು ಯಾರು ಮೊದಲು ಇಡಬೇಕು, ಏನು ಹೇಳಿ ಇಡಬೇಕು ಎಂಬ ಅಭ್ಯಾಸ ಇಬ್ಬರಿಗೂ ಇರಲಿಲ್ಲ. ಆ ಕಡೆ ಟೈರಿನ ಮೇಲೆ ಮೆಲ್ಲಗೆ ಬೀಳುವ ಸುತ್ತಿಗೆಯ ಸದ್ದು, ಈ ಕಡೆ ಎಂಜಿನಿನ ಸದ್ದು. ವ್ಯಾನು ಗುಡ್ಡದ ತಿರುವಿಗೆ ಹೊರಳಿತು, ಸಿಗ್ನಲ್ ಹೋಯಿತು. ಮೇಷ್ಟ್ರು ಇನ್ನೂ ಸ್ವಲ್ಪ ಹೊತ್ತು ಫೋನನ್ನು ಕಿವಿಯಲ್ಲೇ ಹಿಡಿದುಕೊಂಡಿದ್ದರು.